ಬೇಕರಿಯ ಮುಂದೊಂದು ನಕ್ಷತ್ರ

ನಮ್ಮ ಬೋರ್ಡ್ ಅಂಗಡಿಯಲ್ಲಿ ಗಿರಾಕಿಗಳ ಫೈಲಿಗೆ ಹೆಸರಿಡುವವರು ನಮ್ಮ ಯಜಮಾನರು. ನಿಜವಾದ ಹೆಸರು ಅವರ ತಲೆಯಲ್ಲಿ ನಿಲ್ಲುವುದಿಲ್ಲ, ಮುಖ ನಿಲ್ಲುತ್ತದೆ. ಹಾಗಾಗಿ ಕಂಪ್ಯೂಟರಿನ ತುಂಬ ‘ಗೊರಕೆ-ಟೈಲರ್’, ‘ಬಾಯಿಬಡುಕ-ಡಾಕ್ಟರ್’, ಇಂಥವೇ. ಬೇಡವೆಂದು ಬೈದು ಬೈದು ನನ್ನ ಗಂಟಲು ಹೋಯಿತು.

ಅವತ್ತು ಬೇಕರಿಯವನು ಬಂದು ನನ್ನ ಪಕ್ಕದ ಸ್ಟೂಲಿನಲ್ಲೇ ಕೂತ. ಸಂಜೆ ಹೊಸ ಅಂಗಡಿ ತೆರೆಯುತ್ತಾನೆ. ಬೋರ್ಡಿನಲ್ಲಿ ತೀರಿಹೋದ ಅಪ್ಪನ ಫೋಟೋ ಬೇಕು. ಮನೆಯಲ್ಲಿದ್ದದ್ದು ನೀರು ಬಿದ್ದು ಹಾಳಾಗಿತ್ತು; ಹಿಂದೊಮ್ಮೆ ನಾವೇ ತೆಗೆದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿತ್ತು.

“ಏನಂತ ಹೆಸರಿಟ್ಟಿದ್ರಿ?” ಎಂದು ಯಜಮಾನರನ್ನು ಕೇಳಿದೆ.

“ಬೇಕರಿ ಅಂತ ಇತ್ತು ಕಣೇ. ಹಿಂದೆ ಮುಂದೆ ಮರ್ತೋಯ್ತು.”

ಕಪ್ಪು ಪರದೆಯಲ್ಲಿ ಫೈಲುಗಳ ಪಟ್ಟಿ ತೋರಿಸುವ ls ಎಂಬ ಆಜ್ಞೆ ಹೊಡೆದು, ಅದರ ಪಕ್ಕ ‘ಬೇಕರಿ*’ ಹಾಕಿದೆ. ನಕ್ಷತ್ರ ಇದ್ದಲ್ಲಿ ಯಾವ ಅಕ್ಷರ ಬೇಕಾದರೂ ಕೂರಬಹುದು, ಎಷ್ಟು ಬೇಕಾದರೂ. ಆದರೆ ಹೀಗೆ ಹಾಕಿದರೆ ಬೇಕರಿಯಿಂದ ಶುರುವಾಗುವ ಹೆಸರುಗಳಷ್ಟೇ ಬರುತ್ತವೆ. ಒಂದೂ ಬರಲಿಲ್ಲ. ಬೇಕರಿಯ ಮುಂದೆಯೂ ಒಂದು ನಕ್ಷತ್ರ ಇಟ್ಟರೆ ಸಿಗುತ್ತದೆಂದು ಗೊತ್ತಿತ್ತು. ಅದರ ಜೊತೆ ಇನ್ನೇನು ಬರುತ್ತದೆಂಬುದೂ ಗೊತ್ತಿತ್ತು. ಮೇಜಿನ ಕೆಳಗೆ ಯಜಮಾನರು ನನ್ನ ಕಾಲು ತುಳಿದರು.

‘ಅಪ್ಪ*’ ಹಾಕಿ ನೋಡಿದೆ. ಯಾರ್ಯಾರದೋ ಅಪ್ಪಂದಿರು ಬಂದರು, ಇವನ ಅಪ್ಪ ಬರಲಿಲ್ಲ.

“ಇಲ್ಲ ಅಂದ್ರೆ ಇಲ್ಲ ಅಂತ ಹೇಳ್ಬಿಡಿ ಅಕ್ಕಾ,” ಎಂದ ಬೇಕರಿಯವನು. ದನಿ ಇಳಿದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಯಜಮಾನರ ಕಾಲಿಗೊಂದು ಒದೆ ಕೊಟ್ಟು ‘*ಬೇಕರಿ*’ ಎಂದು ಹೊಡೆದೆ.

ಗಂಟುಮೋರೆ-ಬೇಕರಿ-ಬಿಲ್
ಗಂಟುಮೋರೆ-ಬೇಕರಿ-ಬೋರ್ಡ್
ನಗುಮೋರೆ-ಬೇಕರಿ-ಅಜ್ಜ

ಬೇಕರಿಯವನು ಓದಿದ. ಇನ್ನೊಮ್ಮೆ ಓದಿದ.

“ಗಂಟುಮೋರೆ ಅಂದ್ರೆ ನಾನಾ?”

“ಕಂಪ್ಯೂಟರ್ ತಾನಾಗೇ ಇಟ್ಕೊಳ್ಳುತ್ತೆ,” ಎಂದರು ಯಜಮಾನರು.

“ಅದಕ್ಕೆ ನನ್ನ ಮೋರೆ ಎಲ್ಲಿ ಕಾಣಿಸ್ತು?”

ನಾನು ಮೂರನೆಯದನ್ನು ತೆರೆದೆ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ಮುದುಕ, ಮುಂದಿನ ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿದ್ದ. ಬೇಕರಿಯವನು ಪರದೆಯ ಹತ್ತಿರಕ್ಕೆ ಬಾಗಿದ. ಆಮೇಲೆ ನಗು ಒತ್ತರಿಸಿಕೊಂಡು ಬಂತು, ಕೂತ ಸ್ಟೂಲು ಕಿರುಗುಟ್ಟುವಷ್ಟು.

“ಅಪ್ಪನೂ ನನ್ನನ್ನ ಹಾಗೇ ಕರೀತಿದ್ದ ಅಕ್ಕಾ. ಲೋ ಗಂಟುಮೋರೆ, ಹಿಟ್ಟು ತಗೊಂಡು ಬಾರೋ ಅಂತ.”

“ರೀ, ನಿಂತು ನೋಡ್ತೀರಲ್ಲ,” ಎಂದು ಗದರಿದೆ. “ಈ ನಗು ಆರೋದ್ರೊಳಗೆ ಕ್ಯಾಮರಾ ತಗೊಳ್ಳಿ.”

ಬೋರ್ಡಿನಲ್ಲಿ ಅಪ್ಪನ ಪಕ್ಕ ಮಗನನ್ನೂ ಕೂರಿಸಿದೆವು. ಈ ಸಲ ಫೋಟೋಗೆ ಹೆಸರಿಟ್ಟವಳು ನಾನು. ‘ನಗುಮೋರೆ*’ ಎಂದು ಹೊಡೆದು ತೋರಿಸಿದೆ. ಅಜ್ಜನ ಕೆಳಗೇ ಮಗ ಬಂದ.

“ಹಳೇ ಎರಡಕ್ಕೂ ಹೆಸರು ಬದಲಾಯಿಸ್ಲಾ?”

“ಬೋರ್ಡಿಂದು ಬದಲಾಯಿಸಿ,” ಎಂದ. “ಬಿಲ್ಲಿಂದು ಹಾಗೇ ಇರ್ಲಿ. ಅದನ್ನ ನೋಡಿದಾಗ ನನಗೆ ನಗು ಬರಲ್ಲ.”