ಮುದ್ದೆಯೊಳಗಿನ ಮಾತ್ರೆ

ಎತ್ತಿಗೆ ನೀರು ಕುಡಿಸುವಾಗ ಸಿಳ್ಳೆ ಹಾಕಬೇಕು. ಸಿಳ್ಳೆ ಕೇಳದಿದ್ದರೆ ಕೆಲವು ಎತ್ತು ನೀರಿನ ಬಾನಿಗೆ ಮೂತಿಯನ್ನೇ ಇಡುವುದಿಲ್ಲ. ಕೊಕ್ಕರೆ ಬೆಳ್ಳೂರಿನ ದೇವಿರಮ್ಮನ ಮನೆಯ ಎತ್ತೂ ಅಂಥದ್ದೇ. ಅದಕ್ಕೆ ಮಗ ಪುಟ್ಟರಾಜುವಿನ ಸಿಳ್ಳೆಯೇ ಆಗಬೇಕು.

ಅವತ್ತು ಬೆಳಿಗ್ಗೆ ಪುಟ್ಟರಾಜು ಬಾನಿಯ ಮುಂದೆ ನಿಂತು ತುಟಿ ಕೂಡಿಸಿದ. ಬರೀ ಗಾಳಿ ಬಂತು. ಮತ್ತೆ ಕೂಡಿಸಿದ. ತುಟಿ ನಿಲ್ಲಲೇ ಇಲ್ಲ, ತಾನಾಗಿಯೇ ಚಪ್ಪರಿಸತೊಡಗಿತು. ನಾಲಿಗೆ ಆಚೆ ಬಂದು ಒಳಗೆ ಹೋಯಿತು.

"ಅವ್ವಾ, ನನ್ ಬಾಯಿ ನನ್ ಮಾತೇ ಕೇಳಾಕಿಲ್ಲ ಕಣವ್ವ. ಯಾಕವ್ವ ಇಂಗಾಯ್ತದೆ?"

ಯಾಕೆಂದು ದೇವಿರಮ್ಮನಿಗೆ ಅನುಮಾನವಿತ್ತು. ಆದರೆ ಬಾಯಿ ಬಿಡಲಿಲ್ಲ.

ಮೂರು ವರ್ಷದ ಹಿಂದೆ ಪುಟ್ಟರಾಜುವಿಗೆ ಯಾರೋ ಸದಾ ಬೈಯುತ್ತಿರುವಂತೆ ದನಿ ಕೇಳಿಸುತ್ತಿತ್ತು. ಅನ್ನ ನಿದ್ದೆ ಎರಡೂ ಬಿಟ್ಟಿದ್ದ. ಮಂಡ್ಯದ ಮನೋವೈದ್ಯರು ಮಾತ್ರೆ ಬರೆದುಕೊಟ್ಟು, ತಿಂಗಳಿಗೊಮ್ಮೆ ಕರೆತನ್ನಿ ಎಂದಿದ್ದರು. ಇವನೋ, "ನಂಗೇನ್ ಉಚ್ಚಾ?" ಎಂದು ಮಾತ್ರೆ ಉಗಿದ. ಆಗ ತಾಯಿಗೊಂದು ಉಪಾಯ ಹೊಳೆಯಿತು. ಮುದ್ದೆಯನ್ನು ನಮ್ಮ ಕಡೆ ಯಾರು ಅಗಿಯುತ್ತಾರೆ? ಸಾರಿನಲ್ಲಿ ಅದ್ದಿ ನುಂಗುವುದಷ್ಟೇ. ಮಾತ್ರೆ ಪುಡಿ ಮಾಡಿ ಮುದ್ದೆಯಲ್ಲಿ ಸೇರಿಸಿ ಕಟ್ಟಿದಳು. ದನಿಗಳು ನಿಂತವು. ನಾನೆಷ್ಟು ಜಾಣೆ ಎಂದು ಬೀಗಿದಳು.

ಆಸ್ಪತ್ರೆಗೆ ಕರೆದೊಯ್ದರೆ ಗುಟ್ಟು ರಟ್ಟಾಗುತ್ತದಲ್ಲ! ಹಾಗಾಗಿ ಹಳೇ ಚೀಟಿ ಹಿಡಿದು ಮದ್ದೂರಿನ ಅಂಗಡಿಯೊಂದರಲ್ಲಿ ಮಾತ್ರೆ ತರುತ್ತ ಬಂದಳು. ಮಗ ದಪ್ಪಗಾದಾಗ ಮೈ ಹಿಡಿದಿದ್ದಾನೆ ಎಂದು ಹಿಗ್ಗಿದಳು. ಕೈ ನಡುಗಿ, ನಡಿಗೆ ಬಿಗಿಯಾದಾಗ ನಿಶ್ಶಕ್ತಿ ಎಂದುಕೊಂಡಳು. ಅಯ್ಯೋ, ಆ ಮೈ ಎಷ್ಟು ಸಲ ಕೂಗಿ ಹೇಳಿತ್ತು!

ಮಧ್ಯಾಹ್ನ ಆಶಾ ಕಾರ್ಯಕರ್ತೆ ಕವಿತ ಬಂದಾಗ ದೇವಿರಮ್ಮನಿಗೆ ದುಃಖ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿ ಅತ್ತಳು.

"ನಾಳಿಂದ ಆ ಪುಡಿ ಆಕಾದೇ ಬುಟ್ಬುಡ್ತೀನಿ ಕವಿತ."

"ಅಂಗ್ ಮಾತ್ರ ಮಾಡ್ಬ್ಯಾಡ ದೊಡ್ಡವ್ವ! ಒಂದೇ ಸಲಕ್ಕೆ ನಿಲ್ಸುದ್ರೆ ಕಾಯ್ಲೆ ಮತ್ತೆ ಕೆರಳ್ತದೆ. ಬಾಯಿ ಅದುರೋದೂ ಜಾಸ್ತಿ ಆಗ್ಬೌದು."

"ಅಂಗಾರೆ ವಿಸ ತಿನ್ನುಸ್ತಾನೇ ಇರ್ಲಾ?"

"ವಿಸ ಅಲ್ಲ ಕಣ್ ದೊಡ್ಡವ್ವ. ಅವ್ನು ಉಳ್ಕಂಡಿದ್ದೇ ಆ ಮಾತ್ರೆಯಿಂದ. ಆದ್ರೆ ಕೆಲವ್ರಿಗೆ ಅದ್ರಿಂದ ಮೈ ಬರ್ತದೆ, ಸಕ್ಕರೆ ಏರ್ತದೆ, ಕೈಕಾಲು ಬಿಗೀತದೆ. ಸುರುನಲ್ಲೇ ಹೇಳುದ್ರೆ ಡಾಕ್ಟ್ರು ಮಾತ್ರೆ ಕಮ್ಮಿ ಮಾಡ್ತಾರೆ, ಇಲ್ಲಾ ಬದಲಾಯಿಸ್ತಾರೆ. ತಾನು ಮಾತ್ರೆ ತಿಂತಾವ್ನಿ ಅನ್ನೋದೇ ಗೊತ್ತಿಲ್ದೋನು ಯಾರ ತಾವ ಏನಂತ ಹೇಳಾನು?"

ದೇವಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ನಿಗೆ ಯೋಳುದ್ರೆ ಇನ್ ನನ್ ಕೈಯೂಟ ಮಾಡಾನಾ?"

"ಕೋಪ ಮಾಡ್ಕಂತಾನೆ. ಮಾಡ್ಕಳ್ಳಿ ಬುಡು. ಯೋಳಲೇಬೇಕು."

ರಾತ್ರಿ ಊಟಕ್ಕೆ ಕೂತಾಗ ದೇವಿರಮ್ಮ ಮಗನಿಗೆ ಹೇಳಿದಳು. ಪುಟ್ಟರಾಜು ಕೂಗಾಡಲಿಲ್ಲ. "ಮೂರ್ ವರ್ಸನಾ ಅವ್ವ? ದಿನಾನಾ?" ಎಂದಷ್ಟೇ ಕೇಳಿ ತಟ್ಟೆ ದೂಡಿ ಎದ್ದ. ಎರಡು ದಿನ ತಾಯಿಯ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ಕವಿತಳೇ ಊಟ ತಂದು, ಅವನ ಅಂಗೈಯಲ್ಲಿ ಮಾತ್ರೆ ಇಟ್ಟು, ಪಕ್ಕದಲ್ಲಿ ಕೂತು ವಿವರಿಸಿದಳು. ಮೂರನೆಯ ದಿನ ಮೂವರೂ ಮಂಡ್ಯದ ಬಸ್ಸು ಹತ್ತಿದರು.

ವೈದ್ಯರು ತೂಕ ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಅಂಶ ಏರಿತ್ತು. "ಮಾತ್ರೆಯನ್ನ ನಿಧಾನವಾಗಿ ಬದಲಾಯಿಸೋಣ. ಬಾಯಿ ಅದುರೋದು ಕಡಿಮೆ ಆಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ. ಮೊದಲೇ ಬರಬೇಕಿತ್ತಮ್ಮ," ಎಂದರು.

ಈಗ ನಾಲ್ಕು ತಿಂಗಳಾಗಿದೆ. ಪುಟ್ಟರಾಜು ತಾನೇ ಮಾತ್ರೆ ನುಂಗುತ್ತಾನೆ, ತಾನೇ ವೈದ್ಯರ ಹತ್ತಿರ ಮಾತಾಡುತ್ತಾನೆ. ದನಿಗಳು ಮರಳಿಲ್ಲ. ಸಿಳ್ಳೆ ಮಾತ್ರ ಅರ್ಧಕ್ಕೇ ಒಡೆಯುತ್ತದೆ. ತಾಯಿಯ ಕೈಯೂಟ ಮತ್ತೆ ಮಾಡುತ್ತಿದ್ದಾನೆ. ಆದರೆ ಮುದ್ದೆ ಮುರಿದಾಗಲೆಲ್ಲ ಒಳಗೆ ಒಮ್ಮೆ ನೋಡಿಯೇ ನುಂಗುತ್ತಾನೆ. ದೇವಿರಮ್ಮ ಅದನ್ನು ಕಂಡೂ ಕಾಣದವಳಂತೆ ಸಾರು ಬಡಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲೂ ಇರಬಹುದು. ದಯವಿಟ್ಟು ಕದ್ದು ತಿನ್ನಿಸಬೇಡಿ. ವೈದ್ಯರನ್ನು ಕೇಳದೆ ನಿಲ್ಲಿಸಲೂಬೇಡಿ. ಹಳೇ ಚೀಟಿಯಲ್ಲೇ ವರ್ಷಗಟ್ಟಲೆ ದೂಡದೆ, ಹೇಳಿದ ದಿನಕ್ಕೆ ತಪಾಸಣೆಗೆ ಹೋಗಿ. ಈ ಮಾತ್ರೆ ತಿನ್ನುವವರಿಗೆ ಜ್ವರ ಏರಿ ಮೈ ಸೆಟೆದುಕೊಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಮಾತ್ರೆ ಕೊಡುವಾಗ "ಮೈ ಹೇಗಿದೆ?" ಎಂದು ಕೇಳಿ. ಪುಟ್ಟರಾಜುವನ್ನು ಮೂರು ವರ್ಷ ಯಾರೂ ಕೇಳಿರಲಿಲ್ಲ.