ಒಳಗಿನ ಬೆಸುಗೆ

ಕೈ ನಡುಗಲು ಶುರುವಾದ ಮೇಲೆ ಅಪ್ಪ ರೇಡಿಯೋ ರಿಪೇರಿ ಬಿಟ್ಟು ಎರಡು ವರ್ಷವಾಗಿತ್ತು. ಭಾನುವಾರ ಸಂಜೆ ಬಂದು ರಿಪೇರಿ ಸಾಮಾನೆಲ್ಲ ಒಯ್ಯುವಂತೆ ಮಾವನಿಗೆ ಹೇಳಿಯೂ ಆಗಿತ್ತು. ಮಾವನದು ಫ್ಯಾನ್, ಮಿಕ್ಸಿ ರಿಪೇರಿಯ ಅಂಗಡಿ. ಆ ಭಾನುವಾರ ಬೆಳಿಗ್ಗೆಯೇ ಪಕ್ಕದ ಮನೆಯ ಟೈಲರಮ್ಮ ತಮ್ಮ ಹಳೆಯ ವಾಲ್ವ್ ರೇಡಿಯೋ ಹೊತ್ತು ತಂದು, "ಉಸಿರೇ ಇಲ್ಲ, ನೋಡಿ" ಎಂದು ಅಡುಗೆಮನೆಯ ಮೇಜಿನ ಮೇಲಿಟ್ಟು ಹೋದರು.

"ಇದೊಂದು ಹಾಡಿದ್ರೆ ಸಾಮಾನು ಇಲ್ಲೇ ಇರ್ಲಿ. ಇಲ್ದಿದ್ರೆ ನಿನ್ನ ಮಾವ ಹೊತ್ಕೊಂಡು ಹೋಗ್ಲಿ," ಎಂದರು ಅಪ್ಪ. ನಗುತ್ತಲೇ ಹೇಳಿದರು. ತಮಾಷೆಗಲ್ಲವೆಂದು ನನಗೆ ಗೊತ್ತಾಯಿತು.

ಕೈ ನನ್ನದು, ಕಿವಿ ಅವರದು ಎಂದು ಒಪ್ಪಂದವಾಯಿತು.

"ಎಡಗೈ ಬೆನ್ನ ಹಿಂದೆ ಇಟ್ಕೋ. ಎರಡೂ ಕೈ ಒಳಗೆ ಹಾಕಿದ್ರೆ ಕರೆಂಟು ಎದೆ ದಾಟ್ಕೊಂಡು ಹೋಗುತ್ತೆ."

ಒಳಗಿನ ಲೋಹದ ತಟ್ಟೆಯನ್ನು ಪೆಟ್ಟಿಗೆಯಿಂದ ಎಳೆದು, ಮಗ್ಗುಲಾಗಿ ನಿಲ್ಲಿಸಿ, ಧೂಳು ಊದಿ ಸ್ವಿಚ್ ಹಾಕಿದೆ. ಗಾಜಿನ ವಾಲ್ವುಗಳು ಒಂದೊಂದಾಗಿ ಕೆಂಡದ ಬಣ್ಣಕ್ಕೆ ಬಂದವು. ಸದ್ದು ಮಾತ್ರ ಇಲ್ಲ. ಅಪ್ಪ ಕಣ್ಣು ಮುಚ್ಚಿ ಆ ಮೌನವನ್ನೇ ಕೇಳುತ್ತ ಕುಳಿತರು.

"ಸತ್ತ ಮೌನ ಅಲ್ಲ ಇದು. ಸಣ್ಣಗೆ ಗುಂಯ್ ಅಂತಿದೆ, ಕೇಳು."

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ, ನಲ್ಲಿಯ ಹನಿಗಳ ನಡುವೆ, ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆ ಹೋದಂಥ ಸದ್ದು. ಮೌನದಲ್ಲೂ ಬಗೆಗಳಿವೆಯೆಂದು ಇಷ್ಟು ವರ್ಷ ಈ ಮನುಷ್ಯನ ಜೊತೆಗಿದ್ದೂ ನಾನು ಕೇಳಿ ತಿಳಿದಿರಲಿಲ್ಲ.

"ವಾಲ್ಯೂಮ್ ಗುಂಡಿಯ ಹಿಂದೆ ಮೂರು ಕಾಲಿವೆ, ನಡುವಿನದಕ್ಕೆ ಸ್ಕ್ರೂಡ್ರೈವರ್ ತಾಗಿಸು."

ಸ್ಪೀಕರು ಗುರ್ರೆಂದಿತು.

"ಗಂಟಲು ಗಟ್ಟಿಯಾಗಿದೆ. ಕಾಯಿಲೆ ಅದಕ್ಕಿಂತ ಹಿಂದೆ. ಈಗ ಒಣಗಿದ ಮರದ ಸೌಟು ತಗೊಂಡು ಒಂದೊಂದೇ ತಂತಿ ಒತ್ತು."

"ನನ್ನ ಸೌಟೇ ಆಗ್ಬೇಕಾ?" ಎಂದು ಅಮ್ಮ ಒಲೆಯ ಬಳಿಯಿಂದ ಗೊಣಗಿದಳು. ಆದರೂ ಕೊಟ್ಟಳು.

ಏಳನೆಯ ತಂತಿಗೆ ಹವಾಮಾನ ಓದುವವನೊಬ್ಬ ಎರಡು ಮಾತಾಡಿ ಮಾಯವಾದ. ಅಲ್ಲಿ ಬೆಸುಗೆ ಮಂಕಾಗಿ, ಉಂಡೆಯಾಗಿ ಕೂತಿತ್ತು. ತಂತಿ ಅದರೊಳಗೆ ಅಲುಗಾಡುತ್ತಿತ್ತು.

"ಕಾಗೆ ಹಿಕ್ಕೆ ಹಾಕಿದ ಹಾಗಿದೆ," ಎಂದೆ.

"ಆ ಬಸ್ ಸ್ಟ್ಯಾಂಡ್ ಹತ್ರದ ರೇಡಿಯೋ ರಿಪೇರಿಯವನ ಕೆಲಸ, ಇನ್ಯಾರದು? ಅವನದು ಕೈಯಲ್ಲ, ಕಾಲು." ಅಪ್ಪ ಬಹಳ ದಿನಗಳ ಮೇಲೆ ಮನಸಾರೆ ಬೈದರು.

ಆಗ ತಟ್ಟೆಯ ಅಂಚಿನಲ್ಲಿ ಪೆನ್ಸಿಲ್ ಬರಹ ಕಂಡಿತು. ರಿಪೇರಿ ಮಾಡಿದಲ್ಲೆಲ್ಲ ಬಾಣದ ಗುರುತು, ತಾರೀಕು, ಸಹಿ ಹಾಕುವುದು ಅಪ್ಪನ ಅಭ್ಯಾಸ. ಬಾಣ ಆ ಉಂಡೆಗೇ ನೆಟ್ಟಿತ್ತು. ತಾರೀಕು ಮೂವತ್ತು ವರ್ಷ ಹಿಂದಿನದು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕಿತ್ತು, ಅಳಿಸಿಹೋಗುತ್ತಿತ್ತು.

"ಯಾಕೆ ಸುಮ್ಮನಾದೆ?"

"ಏನಿಲ್ಲ."

"ಈ ಮೌನ ಯಾವ ಬಗೇದು ಅಂತ ನಂಗೆ ಗೊತ್ತಾಗುತ್ತೆ ಕಣೆ. ಏನು ಬರ್ದಿದೆ, ಓದು."

ಓದಿದೆ. ಸಹಿಯನ್ನೂ ಓದಿದೆ.

"ಕೈಯಲ್ಲ, ಕಾಲು," ಎಂದಳು ಅಮ್ಮ, ತಿರುಗಿ ನೋಡದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು. ಅವರ ಭುಜ ಕುಲುಕತೊಡಗಿದಾಗ ನಾನು ಹೆದರಿದೆ. ನಗುತ್ತಿದ್ದರು.

"ಆಗ ನನ್ನ ಕೈ ಬಂಡೆ ಇದ್ದ ಹಾಗಿತ್ತು. ನಡುಗದ ಕೈಯೇ ಇಂಥ ಘನಂದಾರಿ ಕೆಲಸ ಮಾಡಿರೋವಾಗ, ಪಾಪ, ಈಗಿನ ಕೈ ಮೇಲೆ ತಪ್ಪೆಲ್ಲಾ ಯಾಕೆ ಹೊರಿಸ್ಲಿ?"

ಸ್ವಿಚ್ ತೆಗೆಸಿ, ಒಳಗುಳಿದ ಕರೆಂಟು ಇಳಿಯುವವರೆಗೆ ಕಾಯಿಸಿದರು. "ಮೊದಲು ತಂತಿ ಕಾಯಿಸು. ಅದು ಕಾದರೆ ಸೀಸ ತಾನಾಗೇ ಓಡಿ ಬರುತ್ತೆ." ನನ್ನ ಬೆಸುಗೆ ಕೊಂಚ ವಕ್ರವಾದರೂ ಹೊಳೆಯಿತು. ಮತ್ತೆ ಸ್ವಿಚ್ ಹಾಕಿದಾಗ ಹೆಂಗಸೊಬ್ಬಳು ಈರುಳ್ಳಿ ಕೆಡದಂತೆ ಇಡುವುದು ಹೇಗೆಂದು ವಿವರಿಸುತ್ತಿದ್ದಳು. ನಾವು ಮೂವರೂ ಕೊನೆಯವರೆಗೆ ಕೇಳಿದೆವು.

ಸಂಜೆ ಮಾವ ದೊಡ್ಡ ಗೋಣಿಚೀಲ ಹಿಡಿದು ಬಂದರು. "ಎಲ್ಲಿ ಭಾವ, ಸಾಮಾನು?"

"ಚೀಲ ಇಲ್ಲಿ ಕೊಡು. ಅಟ್ಟದಿಂದ ಕೆಟ್ಟು ಕೂತಿರೋ ಎರಡು ರೇಡಿಯೋ ಇಳಿಸ್ಬೇಕು, ಕೆಳಗೆ ಹಾಸೋಕೆ ಬೇಕು," ಎಂದರು ಅಪ್ಪ. "ಏಣಿ ನೀನೇ ಹತ್ತು. ಮಗಳ ಕೈ ಇನ್ಮೇಲೆ ಜೋಪಾನ ಮಾಡ್ಬೇಕು."