ಹಲ್ಲು ಬೆಳ್ಳಗಾಗುವ ಔಷಧಿ

ಹೊನ್ನಾವರ ಬಂದರದ ಕೇರಿಯಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ದಾಸ ಜಗಲಿಯಲ್ಲಿ ಕುಳಿತು ಎಲೆ-ಅಡಿಕೆಯ ಕವಳ ಹಾಕುತ್ತ, ಬಾವಿಕಟ್ಟೆಯ ಬಳಿ ಹಲ್ಲುಜ್ಜುತ್ತಿದ್ದ ಹೆಂಡತಿಯನ್ನೇ ನೋಡುತ್ತಿದ್ದ. ಕಮಲಿ ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು ಬೆರೆಸಿ ತಿಕ್ಕುತ್ತಿದ್ದಳು. ವಸಡಿನಿಂದ ರಕ್ತ ಬಂದರೂ ಬಿಟ್ಟಿರಲಿಲ್ಲ. ಕೊನೆಗೆ ಬಾಯಿ ಮುಕ್ಕಳಿಸಿ ಬಂದು, ಗಂಡನೆದುರು ತುಟಿ ಅಗಲಿಸಿ ನಿಂತಳು.

"ಎಂತದೂ ಆಗ್ಲಿಲ್ಲ. ಅದೇ ಕಂದು," ಎಂದ ದಾಸ.

ಕಮಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅದು ಅರವತ್ತಮೂರನೇ ಇಸವಿ. ಮೀನುಗಾರರ ಸಂಘದ ಮೂಲಕ ದಾಸನ ಪಾಲಿಗೆ ಇಂಜಿನ್ ದೋಣಿ ಬಂದಿತ್ತು. ಆ ಕೇರಿಗೆ ಅದೇ ಮೊದಲನೆಯದು. ನೀರಿಗಿಳಿಸುವ ದಿನ ಕಾರವಾರದಿಂದ ಮೀನುಗಾರಿಕೆ ಇಲಾಖೆಯ ಸಾಹೇಬರು ಹೆಂಡತಿಯೊಡನೆ ಬರುವವರಿದ್ದರು, ಫೋಟೋ ತೆಗೆಯುವವನೂ ಬರುವವನಿದ್ದ. ಆರತಿ ಎತ್ತಬೇಕಾದವಳು ದೋಣಿಯವನ ಹೆಂಡತಿ. ಸಂಘದ ಕಾರ್ಯದರ್ಶಿ ಅನಂತಮೂರ್ತಿ ನಗುತ್ತಲೇ ಹೇಳಿದ್ದರು: "ನಿನ್ನ ಮನೆಯವಳಿಗೆ ಬಾಯಿ ಸ್ವಲ್ಪ ಚೊಕ್ಕ ಮಾಡ್ಕೊಳ್ಳೋಕೆ ಹೇಳು ದಾಸ. ಫೋಟೋ ಪೇಪರಿಗೆ ಹೋದರೂ ಹೋಗಬಹುದು." ಅಂದಿನಿಂದ ಆ ಮಾತು ದಾಸನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಹತ್ತಾರು ವರ್ಷ ಕಣ್ಣಿಗೆ ಬೀಳದಿದ್ದ ಹೆಂಡತಿಯ ಹಲ್ಲು ಈಗ ಅವಳು ಬಾಯಿ ತೆರೆದಾಗಲೆಲ್ಲ ಕಾಣತೊಡಗಿತ್ತು.

"ತಂಬಾಕು ತಿಂದೂ ತಿಂದೂ ಹಾಳು ಮಾಡ್ಕಂಡೆ," ಎಂದು ಗೊಣಗಿದ.

"ನಾ ಆಸೆಪಟ್ಟು ತಿಂದದ್ದಾ?" ಕಮಲಿಯ ದನಿ ಮೆಲ್ಲಗಿತ್ತು. "ಬಾಣಂತಿ ಇದ್ದಾಗ ದವಡೆ ಹಲ್ಲು ನೋವು ಅಂತ ಒದ್ದಾಡ್ತಿದ್ದೆ. ಕುಮಟೆ ಡಾಕ್ಟ್ರಿಗೆ ತೋರ್ಸಿ ಅಂದೆ. ಬಲೆಗೆ ಬಂಗಡೆ ಬಿದ್ದ ಟೈಮು, ಈಗ ಎಲ್ಲಿ ಹೋಗುದು ಅಂದ್ರಿ. ಅತ್ತೆ ಹಲ್ಲಿಗೆ ತಂಬಾಕು ಇಟ್ರು. ನೋವು ನಿಂತ್ತು, ತಂಬಾಕು ನಿಲ್ಲಲಿಲ್ಲ."

ಒಳಗಿನಿಂದ ದಾಸನ ತಾಯಿ ದುರ್ಗಮ್ಮ ಕೂಗಿ ಹೇಳಿದಳು: "ಮತ್ತೆಂತ ಮಾಡ್ಬೇಕಿತ್ತೆ ನಾನು? ನಂಗೆ ನನ್ನ ಅತ್ತೆ ಇಟ್ಟದ್ದೂ ಅದೇ. ಅದಿಲ್ದಿದ್ರೆ ಮೀನಿನ ಬುಟ್ಟಿ ಹೊತ್ತು ಅಷ್ಟು ದೂರ ನಡೀಲಿಕ್ಕೆ ಆಗ್ತಿತ್ತಾ? ಆವಾಗ ನಮ್ಮ ಹಲ್ಲು ನೋಡುವವರು ಯಾರಿದ್ರು?"

ದಾಸ ಎದ್ದು ಅಂಗಳದಾಚೆ ಕೆಂಪಗೆ ಉಗುಳಿದ.

ಆ ವಾರವೇ ಹಗ್ಗ ತರಲೆಂದು ಅವನು ಶರಾವತಿ ದಾಟಿ ಭಟ್ಕಳಕ್ಕೆ ಹೋದ. ಪೇಟೆಯಲ್ಲಿ ಯಾರೋ ಪರವೂರಿನವನು ನೆಲದ ಮೇಲೆ ಬಟ್ಟೆ ಹಾಸಿ ಸಣ್ಣ ಸಣ್ಣ ಬಾಟಲಿ ಇಟ್ಟುಕೊಂಡು ಕೂಗುತ್ತಿದ್ದ. ಹಮಾಲನೊಬ್ಬನ ಕಪ್ಪು ಹಲ್ಲಿಗೆ ಹತ್ತಿಯಿಂದ ಒರೆಸಿದ್ದೇ ತಡ, ಹಲ್ಲು ಬೆಳ್ಳಗಾಯಿತು. ಜನ ಬೆರಗಾದರು. ದಾಸ ಒಂದು ಬಾಟಲಿ ಕೊಂಡು, ಹಗ್ಗಕ್ಕಿಂತ ಜೋಪಾನವಾಗಿ ಮನೆಗೆ ತಂದ.

ಕಮಲಿ ಬಿರಡೆ ತೆಗೆದು ಮೂಸಿ ನೋಡಿ ಹಿಂದೆ ಸರಿದಳು. "ಮೂಗು ಉರೀತದೆ. ಇದು ಬೇಡ. ಕುಮಟೆಗೇ ಹೋಗುವಾ."

"ಡಾಕ್ಟ್ರು ಇವತ್ತು ಬಾ ನಾಳೆ ಬಾ ಅಂತಾರೆ. ಅಷ್ಟರಲ್ಲಿ ದೋಣಿ ಇಳ್ದು ಆತದೆ. ಬಾಯಿ ತೆಗಿ."

ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಕಡ್ಡಿಗೆ ಹತ್ತಿ ಸುತ್ತಿ ದಾಸನೇ ಹಚ್ಚಿದ. ಕಮಲಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ಕಣ್ಣುಮುಚ್ಚಿದಳು. ಮುಕ್ಕಳಿಸಿ ಉಗುಳಿದಾಗ ಕಂದು ಬಣ್ಣ ಹೋಗಿ ಹಲ್ಲು ಸುಣ್ಣದ ಹಾಗೆ ಕಂಡಿತು. ದಾಸನಿಗೆ ಹಿಗ್ಗು. ಅಲ್ಲಲ್ಲಿ ಉಳಿದ ಕಲೆಗೆಂದು ಮರುದಿನವೂ ಹಚ್ಚಿದ, ಅದರ ಮರುದಿನವೂ.

ಆಮೇಲೆ ಕಮಲಿ ಮಾತು ಕಡಿಮೆ ಮಾಡಿದಳು. ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟಳು. ಮುನಿಸಿಕೊಂಡಿದ್ದಾಳೆ, ತಾನೇ ಸರಿಯಾದಾಳು ಎಂದುಕೊಂಡ ದಾಸ. ಒಂದು ಮಧ್ಯಾಹ್ನ ಅಡುಗೆಮನೆಗೆ ಹೋದಾಗ ಅವಳು ತಣ್ಣಗಾದ ಗಂಜಿಯ ತಿಳಿಯನ್ನು ಬೆರಳಿನಿಂದ ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದಳು. ಒಂದು ಹನಿ ಹಲ್ಲಿಗೆ ತಾಗಿದ್ದೇ ಮೈಯೆಲ್ಲ ಝುಮ್ಮೆಂದು ನಡುಗಿದಳು. ಸೆರಗು ಜಾರಿತ್ತು. ತುಟಿಯ ಒಳಗಿನ ಚರ್ಮ ಸುಲಿದು, ವಸಡು ಬೆಂದ ಹಾಗೆ ಬಿಳುಚಿಕೊಂಡಿತ್ತು.

"ಇದೆಂತ? ನಂಗೆ ಹೇಳುದಲ್ವಾ?"

ಕಮಲಿ ತಲೆಯೆತ್ತಿ ನೋಡಿದಳು. "ಬೆಳ್ಳಗಾತಲ್ಲ," ಎಂದಳು. "ನಿಮಗೆ ಅಷ್ಟೇ ಬೇಕಿದ್ದದ್ದು."

ದಾಸನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಅವಳನ್ನು ಕುಮಟೆಗೆ ಕರೆದೊಯ್ದ. ಹಲ್ಲಿನ ಡಾಕ್ಟರು ವಯಸ್ಸಾದವರು. ಕಮಲಿಯನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿಯೊಳಗೆ ದೀಪ ಹಿಡಿದದ್ದೇ ಅವರ ಮುಖ ಬಿಗಿಯಿತು.

"ಆಸಿಡ್ ಹಾಕಿದ್ದೀರಿ. ಯಾರು ಹಚ್ಚಿದ್ದು ಇದನ್ನ?"

ದಾಸ "ಅವಳೇ," ಎಂದುಬಿಟ್ಟ. "ನಂಗೆ ಗೊತ್ತೇ ಆಗ್ಲಿಲ್ಲ."

ಬಾಯಿ ತೆರೆದು ಕುಳಿತಿದ್ದ ಕಮಲಿಗೆ ಮಾತಾಡಲು ಬರುವಂತಿರಲಿಲ್ಲ. ಒಮ್ಮೆ ಕಣ್ಣು ಹೊರಳಿಸಿ ಗಂಡನನ್ನು ನೋಡಿದಳು. ಮತ್ತೆ ಮೇಲೆ ಮಾಡಿನ ಹೆಂಚಿನ ಕಡೆ ನೋಡುತ್ತ ಕುಳಿತಳು.

ಡಾಕ್ಟರು ಅವಳನ್ನೇ ಗದರಿದರು. "ಚಂದ ಕಾಣ್ಬೇಕು ಅಂತ ಹೀಗೆ ಮಾಡುದಾ ತಾಯಿ? ಆಸಿಡ್ಡು ಕಲೆಯ ಜೊತೆ ಹಲ್ಲಿನ ಮೇಲಿನ ಪದರವನ್ನೂ ತಿಂದಿದೆ. ಅದು ಮತ್ತೆ ಬೆಳೆಯುದಿಲ್ಲ. ತಂಬಾಕಿನ ಕಲೆಯನ್ನ ನಾವು ಕೆರೆದು ತೆಗೆಯಬಹುದಿತ್ತು. ಎಲ್ಲಾ ಹೋಗುದಿಲ್ಲ, ಮುಕ್ಕಾಲು ಹೋಗ್ತಿತ್ತು. ತಂಬಾಕು ಬಿಟ್ರೆ ಹಾಗೇ ಉಳೀತಿತ್ತು." ಹಳೆಯ ದವಡೆ ಹಲ್ಲು ಒಳಗೇ ಕೊಳೆತಿತ್ತು. ಅದನ್ನು ಕಿತ್ತು, ಸುಟ್ಟ ವಸಡಿಗೆ ಮುಲಾಮು ಕೊಟ್ಟರು.

ಕೈ ತೊಳೆಯುತ್ತ ದಾಸನ ಕಡೆ ತಿರುಗಿ, "ನೀನೂ ಬಾಯಿ ತೆಗಿ ನೋಡುವಾ," ಎಂದರು. ದಾಸ ಹಿಂಜರಿಯುತ್ತ ತೆರೆದ. "ಅವಳಿಗಿಂತ ನಿಂದೇ ಹಾಳಾಗಿದೆಯಲ್ಲ. ನಿಂಗೆ ಯಾರೂ ಬೆಳ್ಳಗೆ ಮಾಡ್ಕೊ ಅನ್ಲಿಲ್ವಾ?"

ಇಲ್ಲ, ಒಬ್ಬರೂ ಅಂದಿರಲಿಲ್ಲ. ಸಂಘದ ಮೀಟಿಂಗಿನಲ್ಲಿ ಅದೇ ಬಾಯಿಂದ ಭಾಷಣ ಮಾಡಿದ್ದ, ಕಾರವಾರದ ಸಾಹೇಬರೆದುರೂ ಹಲ್ಲು ಬಿಟ್ಟು ನಕ್ಕಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಕಮಲಿ ದವಡೆಯಲ್ಲಿ ಹತ್ತಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಬಸ್ಸು ಧಾರೇಶ್ವರ ದಾಟಿತು. ತಪ್ಪಾಯಿತೆಂದು ಹೇಳಲು ದಾಸ ಮತ್ತೆ ಮತ್ತೆ ಅವಳ ಕಡೆ ತಿರುಗಿದ. ಪಕ್ಕದಲ್ಲಿ ಜನರಿದ್ದಾರೆ ಎಂದು ಸುಮ್ಮನಾದ. ಮನೆಯಲ್ಲಿ ತಾಯಿ ಕೇಳಿದಾಗ, ಡಾಕ್ಟರಿಗೆ ಹೇಳಿದ್ದನ್ನೇ ಹೇಳಿದ. ರಾತ್ರಿ ಗಂಡ ಹೆಂಡತಿ ಇಬ್ಬರೇ ಇದ್ದರು. ಆಗಲೂ ಸುಮ್ಮನೇ ಇದ್ದ.

ದೋಣಿ ಇಳಿಸುವ ದಿನ ದಂಡೆಯ ತುಂಬ ಜನ. ಕಮಲಿ ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕೆನ್ನೆ ಊದಿತ್ತು, ತುಟಿ ಒಡೆದಿತ್ತು. ಕೇರಿಯ ಹೆಂಗಸರು ಅವಳನ್ನು ನೋಡಿ ಪಿಸುಗುಟ್ಟಿದರು. ಸಾಹೇಬರ ಹೆಂಡತಿ ಏನಾಯಿತೆಂದು ವಿಚಾರಿಸಿದಾಗ ದುರ್ಗಮ್ಮ ಮುಂದೆ ಬಂದು, ಮಗ ಮನೆಯಲ್ಲಿ ಹೇಳಿದ್ದನ್ನೇ ಹೇಳಿದಳು: "ಎಂತದೋ ಹಚ್ಕಂಡ್ಳು ಅಮ್ಮ. ಬೆಳ್ಳಗಾಗುವ ಆಸೆ." ಯಾರೋ ಕಿಸಕ್ಕೆಂದರು.

ಅನಂತಮೂರ್ತಿ ದಾಸನ ಕಿವಿಯ ಹತ್ತಿರ ಬಂದರು. "ನಿನ್ನ ತಮ್ಮನ ಹೆಂಡತಿ ಲಕ್ಷ್ಮಿ ಇದ್ದಾಳಲ್ಲ, ಅವಳು ಆರತಿ ಎತ್ತಲಿ. ಫೋಟೋ ಚಂದ ಬರ್ಲಿ."

ಕಮಲಿಗೆ ಆ ಮಾತು ಕೇಳಿಸಿತು. ಅವಳು ಯಾರ ಮುಖವನ್ನೂ ನೋಡದೆ ತಟ್ಟೆಯನ್ನು ಲಕ್ಷ್ಮಿಯ ಕಡೆಗೆ ಚಾಚಿದಳು.

"ಕೊಡ್ಬೇಡ," ಎಂದ ದಾಸ. ದನಿ ಅವನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಜನ ತಿರುಗಿ ನೋಡಿದರು. "ಅವಳು ಹಚ್ಕಂಡದ್ದಲ್ಲ. ಬಾಟ್ಲಿ ತಂದದ್ದು ನಾನು. ಬೇಡ ಅಂದ್ರೂ ಬಾಯಿ ತೆಗೆಸಿ ಹಚ್ಚಿದ್ದು ನಾನು. ಡಾಕ್ಟ್ರ ಹತ್ರ ಅವಳ ಮೇಲೆ ಹಾಕಿ ಸುಳ್ಳು ಹೇಳಿದ್ದೂ ನಾನೇ."

ದುರ್ಗಮ್ಮ ಮಗನನ್ನೇ ನೋಡುತ್ತ ನಿಂತಳು. ಅನಂತಮೂರ್ತಿ ಕನ್ನಡಕ ತೆಗೆದು ಒರೆಸತೊಡಗಿದರು. ದಾಸನಿಗೆ ಓಡಿಹೋಗಬೇಕೆನಿಸಿದರೂ ಹೋಗಲಿಲ್ಲ.

ಕಮಲಿ ಚಾಚಿದ್ದ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳು ನಗಲಿಲ್ಲ, ಅಳಲೂ ಇಲ್ಲ. ಗಂಡನ ಮುಖವನ್ನು ಬಹಳ ಹೊತ್ತು ನೋಡಿ, ನೋಯುತ್ತಿದ್ದ ಬಾಯಿಂದಲೇ ಹೇಳಿದಳು: "ಆತು. ಉಬ್ಬರದ ನೀರು ಇಳೀಲಿಕ್ಕೆ ಸುರುವಾತು. ದೋಣಿ ತಳ್ಳಿ."

ಅವಳು ಆರತಿ ಎತ್ತಿದಳು. ದಾಸ ಉಳಿದ ಗಂಡಸರ ಜೊತೆ ಬಗ್ಗಿ, ಹಿಂಗಡೆಯಿಂದ ದೋಣಿಗೆ ಹೆಗಲು ಕೊಟ್ಟ.